ಪಾಸ್‌ಬುಕ್ಕಿನಿಂದ ಜಾರಿದ ದುಡ್ಡು: ಬ್ಯಾಂಕಿನಿಂದ ವಾಪಸು ಕೇಳುವುದು ಹೇಗೆ?



ಈ ಸಲ ಹಾಡು, ಹರಟೆ ಎಲ್ಲ ಸ್ವಲ್ಪ ಪಕ್ಕಕ್ಕಿಟ್ಟು ದುಡ್ಡಿನ ವಿಚಾರ ಮಾತಾಡೋಣ. ಹೆದರಬೇಡಿ, ಶೇರು ಮಾರುಕಟ್ಟೆಯ ವಿಚಾರ ಅಲ್ಲ. ಪಾಸ್‌ಬುಕ್ಕಿನಲ್ಲಿ ಇಲ್ಲೊಂದು 17 ರೂಪಾಯಿ 70 ಪೈಸೆ, ಅಲ್ಲೊಂದು 425 ರೂಪಾಯಿ ಎಂದು ಸದ್ದಿಲ್ಲದೆ ಜಾರಿಹೋಗುವ ದುಡ್ಡಿನ ವಿಚಾರ. ಎಂಟ್ರಿ ಹಾಕಿಸಿದಾಗ ನೋಡುತ್ತೇವೆ, ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಮುಂದೆ ಮೊತ್ತ ಕಾಣುತ್ತದೆ, 'ಬ್ಯಾಂಕಿನವರು ಸುಮ್ಮನೆ ಕತ್ತರಿಸುತ್ತಾರಾ, ಏನೋ ಇರಬೇಕು' ಎಂದುಕೊಂಡು ಪುಸ್ತಕ ಮುಚ್ಚುತ್ತೇವೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!

ಎಲ್ಲ ಶುಲ್ಕವೂ ಅನ್ಯಾಯವಲ್ಲ. ಆದರೆ ಕೆಲವು ಶುಲ್ಕಗಳನ್ನು ಹೇಗೆ ಹಾಕಬೇಕು, ಯಾವಾಗ ಹಾಕಬಾರದು ಎಂದು ರಿಸರ್ವ್ ಬ್ಯಾಂಕು ಬರೆದಿಟ್ಟಿದೆ. ಆ ನಿಯಮ ಮುರಿದು ತೆಗೆದುಕೊಂಡಿದ್ದರೆ ಆ ದುಡ್ಡು ನಿಮ್ಮದು. ಕೇಳಿದರೆ ವಾಪಸು ಬರುತ್ತದೆ. ಕೇಳುವ ಕ್ರಮ ಗೊತ್ತಿರಬೇಕು, ಅಷ್ಟೇ.

ಮೊದಲು ನನ್ನ ಕತೆ

ನಾನು ಹಿಂದಿನ ಕೆಲಸ ಬಿಟ್ಟಾಗ ಆ ಕಂಪನಿ ಮಾಡಿಸಿಕೊಟ್ಟಿದ್ದ ಸಂಬಳದ ಖಾತೆಯಲ್ಲಿ 4,000 ರೂಪಾಯಿ ಉಳಿದಿತ್ತು. ಇರಲಿ, ಕಷ್ಟಕಾಲಕ್ಕೆ ಆಗುತ್ತದೆ ಎಂದು ಬಿಟ್ಟುಬಿಟ್ಟೆ. ಸಂಬಳ ಬರುವುದು ನಿಂತ ಕೆಲವು ತಿಂಗಳಿಗೆ ಬ್ಯಾಂಕು ಅದನ್ನು ಮಾಮೂಲಿ ಉಳಿತಾಯ ಖಾತೆಯಾಗಿ ಬದಲಿಸಿತು. ಅದಕ್ಕೆ 10,000 ರೂಪಾಯಿ ಮಿನಿಮಮ್ ಬ್ಯಾಲೆನ್ಸ್ ಇರಬೇಕಂತೆ. ಕೊರತೆ ಬಿದ್ದ ಮೊತ್ತಕ್ಕೆ ನೂರಕ್ಕೆ ಆರರಂತೆ ದಂಡ, ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ.

ಲೆಕ್ಕ ನೋಡಿ. ಪೈಸೆ ಮತ್ತು ಬಡ್ಡಿಯ ಚಿಲ್ಲರೆ ಬಿಟ್ಟಿದ್ದೇನೆ. ಮೊದಲ ತಿಂಗಳು ಕೊರತೆ 6,000. ದಂಡ 360, ತೆರಿಗೆ ಸೇರಿ 425. ಈಗ ಖಾತೆಯಲ್ಲಿ ಉಳಿದದ್ದು 3,575. ಅಂದರೆ ಮುಂದಿನ ತಿಂಗಳ ಕೊರತೆ ಇನ್ನೂ ಜಾಸ್ತಿ, ದಂಡ 455. ಆಮೇಲೆ 487, 522, 558, 598. ಹೀಗೆ ದಂಡವೇ ಮುಂದಿನ ದಂಡಕ್ಕೆ ಬೀಜ ಹಾಕುತ್ತಾ ಹೋಗಿ ಆರು ತಿಂಗಳಲ್ಲಿ 3,045 ರೂಪಾಯಿ ಹೋಯಿತು. ಉಳಿದದ್ದು ಬರೀ 955!

ಸ್ಟೇಟ್‌ಮೆಂಟ್ ತೆಗೆಸಿ ಶಾಖೆಗೆ ಒಂದು ಪತ್ರ ಕೊಟ್ಟೆ. 'ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ನನಗೆ ಯಾವ ದಿನ ನೋಟಿಸ್ ಕಳುಹಿಸಿದಿರಿ, ತಿಳಿಸಿ' ಎಂದಷ್ಟೇ ಕೇಳಿದೆ. ಮೂರು ವಾರಕ್ಕೆ ಉತ್ತರ ಬಂತು. ಮೂರು ಸಲ ದಂಡ ಹಾಕಿ ಆದ ಮೇಲೆ ಮೊದಲ ಎಸ್ಸೆಮ್ಮೆಸ್ ಕಳುಹಿಸಿದ್ದರು. ನಾಲ್ಕನೇ ದಂಡ ಹಾಕುವಾಗ ಆ ನೋಟಿಸಿಗೆ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಹಾಗಾಗಿ ಮೊದಲ ನಾಲ್ಕು ದಂಡ, 1,889 ರೂಪಾಯಿ ವಾಪಸು ಬಂತು. ಕೊನೆಯ ಎರಡನ್ನು ಕೊಡಲಾಗದು ಎಂದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ. ನೋಟಿಸ್ ಬಂದಿತ್ತು, ನಾನು ನೋಡಿರಲಿಲ್ಲ.

ಆದರೆ ಅಲ್ಲೊಂದು ಗುಟ್ಟಿತ್ತು. ಮೊದಲ ನಾಲ್ಕು ದಂಡ ತಪ್ಪು ಎಂದಾದರೆ ಖಾತೆಯಲ್ಲಿ ಪೂರ್ತಿ 4,000 ಇರಬೇಕಿತ್ತಲ್ಲ? ಹಾಗಿದ್ದರೆ ಕೊನೆಯ ಎರಡು ದಂಡ 558 ಮತ್ತು 598 ಆಗುತ್ತಿರಲಿಲ್ಲ, 425 ಮತ್ತು 455 ಆಗುತ್ತಿತ್ತು. ಇನ್ನೊಂದು ಪತ್ರ ಬರೆದೆ. ಮತ್ತೆ 276 ರೂಪಾಯಿ ಬಂತು. ಎರಡು ಪತ್ರಕ್ಕೆ 2,165 ರೂಪಾಯಿ. ಯಾರ ಜೊತೆಗೂ ಜಗಳ ಆಡಲಿಲ್ಲ, ವಕೀಲರನ್ನು ಹಿಡಿಯಲಿಲ್ಲ.

ಯಾವುದು ಅನ್ಯಾಯ, ಯಾವುದು ಅಲ್ಲ?

ಚೆಕ್ ಬೌನ್ಸ್ ಆದರೆ ಶುಲ್ಕ, ಡಿಮ್ಯಾಂಡ್ ಡ್ರಾಫ್ಟಿಗೆ ಶುಲ್ಕ, ಡೆಬಿಟ್ ಕಾರ್ಡಿಗೆ ವಾರ್ಷಿಕ ಶುಲ್ಕ. ಇವು ಬ್ಯಾಂಕಿನ ದರಪಟ್ಟಿಯಲ್ಲಿ ಇದ್ದು, ನಿಮಗೆ ತಿಳಿಸಿ ಹಾಕಿದ್ದರೆ ಅವನ್ನು ಅನ್ಯಾಯ ಎನ್ನಲಾಗದು. ನಮಗೆ ಬೇಜಾರಾಗಬಹುದು, ಅದು ಬೇರೆ ಮಾತು. ಪತ್ರ ಬರೆಯುವ ಮುಂಚೆ ಬ್ಯಾಂಕಿನ ವೆಬ್‌ಸೈಟಿನಲ್ಲಿ ಸೇವಾ ಶುಲ್ಕಗಳ ಪಟ್ಟಿ ನೋಡಿ. ಎಲ್ಲ ಬ್ಯಾಂಕುಗಳೂ ಅದನ್ನು ಪ್ರಕಟಿಸಲೇಬೇಕು. ಈಗ ನಿಯಮ ನಿಮ್ಮ ಪಕ್ಕ ಇರುವ ಸಂದರ್ಭಗಳನ್ನು ಒಂದೊಂದಾಗಿ ನೋಡೋಣ.

1. ಮಿನಿಮಮ್ ಬ್ಯಾಲೆನ್ಸ್ ದಂಡ. 2014ರ ನವೆಂಬರ್ 20ರಂದು ರಿಸರ್ವ್ ಬ್ಯಾಂಕು ಇದಕ್ಕೆ ನಿಯಮ ಹೊರಡಿಸಿತು, 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಎಸ್ಸೆಮ್ಮೆಸ್, ಇಮೇಲ್ ಅಥವಾ ಪತ್ರದ ಮೂಲಕ ನಿಮಗೆ ತಿಳಿಸಬೇಕು. ಸರಿಪಡಿಸಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಆಮೇಲೂ ಕೊರತೆ ಇದ್ದರೆ ಮಾತ್ರ ದಂಡ. ಅದೂ ಎಷ್ಟು ಕೊರತೆಯೋ ಅದಕ್ಕೆ ತಕ್ಕಷ್ಟು. 50 ರೂಪಾಯಿ ಕಡಿಮೆ ಇದ್ದವರಿಗೂ 5,000 ಕಡಿಮೆ ಇದ್ದವರಿಗೂ ಒಂದೇ ದಂಡ ಹಾಕುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ದಂಡ ಒಂದರಿಂದಲೇ ಖಾತೆಯ ಬಾಕಿ ಸೊನ್ನೆಗಿಂತ ಕೆಳಗೆ ಹೋಗಕೂಡದು. 'ಮೈನಸ್ 1,200 ಇದೆ, ಕಟ್ಟಿದರೇ ಖಾತೆ ಮುಚ್ಚುತ್ತೇವೆ' ಎಂದು ಕೌಂಟರಿನಲ್ಲಿ ಹೇಳಿದರೆ ಈ ನಿಯಮ ನೆನಪಿಸಿ.

ಎಲ್ಲ ಬ್ಯಾಂಕುಗಳೂ ಈ ದಂಡ ಹಾಕುತ್ತವೆ ಎಂದೇನಿಲ್ಲ. ಸ್ಟೇಟ್ ಬ್ಯಾಂಕು 2020ರಲ್ಲೇ ಉಳಿತಾಯ ಖಾತೆಗಳಿಗೆ ಇದನ್ನು ಕೈಬಿಟ್ಟಿತು. ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಕೈಬಿಟ್ಟಿತು. ಹಾಗಾಗಿ ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಇಂಥ ದಂಡ ಕಂಡರೆ ಅದರ ತಾರೀಕನ್ನೂ ನೋಡಿ.

2. ಊರಿನ ಹಳೇ ಖಾತೆ. ಇದು ಹೊರನಾಡ ಕನ್ನಡಿಗರಿಗೆಂದೇ ಇರುವ ಸಮಸ್ಯೆ. ಕಾಲೇಜಿನಲ್ಲಿದ್ದಾಗ ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ತೆಗೆದ ಖಾತೆ, ಅಮ್ಮನ ಟ್ರಂಕಿನಲ್ಲಿ ಪಾಸ್‌ಬುಕ್ಕು. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಬೋರ್ಡು ಬದಲಾದರೂ ನಿಮ್ಮ ಖಾತೆ ಹೊಸ ಬ್ಯಾಂಕಿನ ಪುಸ್ತಕದಲ್ಲಿ ಇದ್ದೇ ಇದೆ.

ಎರಡು ವರ್ಷ ನೀವು ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯ ಎನಿಸಿಕೊಳ್ಳುತ್ತದೆ. ನಿಷ್ಕ್ರಿಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ, ಅದನ್ನು ಮತ್ತೆ ಚಾಲೂ ಮಾಡಲು ಶುಲ್ಕ ಕೇಳುವಂತಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಹತ್ತು ವರ್ಷ ಹಾಗೇ ಬಿದ್ದಿದ್ದರೆ ದುಡ್ಡು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಆಗಲೂ ಅದು ನಿಮ್ಮದೇ, ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಯಾವ ಬ್ಯಾಂಕಿನಲ್ಲಿದೆ ಎಂದು ಹುಡುಕಲು 2023ರಲ್ಲಿ ಶುರುವಾದ ಉದ್ಗಮ್ ಪೋರ್ಟಲ್ ಇದೆ.

3. 'ಇದು ನಿಮ್ಮ ಹೋಮ್ ಬ್ರಾಂಚ್ ಅಲ್ಲ' ಎಂಬ ಮಾತು. ಧಾರವಾಡದ ಖಾತೆಯವರು ಠಾಣೆಯ ಶಾಖೆಗೆ ಹೋದರೆ ಬೇರೆ ದರ? 2013ರ ಜುಲೈ 1ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ಉತ್ತರ ಕೊಟ್ಟಿದೆ. ನಿಮ್ಮ ಸ್ವಂತ ಶಾಖೆಯಲ್ಲಿ ಒಂದು ಸೇವೆ ಉಚಿತವಾದರೆ ಅದೇ ಬ್ಯಾಂಕಿನ ಬೇರೆ ಶಾಖೆಗಳಲ್ಲೂ ಅದು ಉಚಿತವಾಗಿರಬೇಕು, ಗ್ರಾಹಕರಲ್ಲಿ ಭೇದ ಮಾಡಬಾರದು. ನಗದು ಎಣಿಸುವ ಶುಲ್ಕ ಮಾತ್ರ ಇದರಿಂದ ಹೊರಗಿದೆ, ಅದು ಬೇರೆಯೇ ಲೆಕ್ಕ.

4. ಎಸ್ಸೆಮ್ಮೆಸ್ ಶುಲ್ಕ. ಮೂರು ತಿಂಗಳಿಗೊಮ್ಮೆ 15 ರೂಪಾಯಿ, ತೆರಿಗೆ ಸೇರಿ 17 ರೂಪಾಯಿ 70 ಪೈಸೆ ಕತ್ತರಿಸುವುದನ್ನು ನೋಡಿರುತ್ತೀರಿ. ಬಂದ ಸಂದೇಶಗಳ ಲೆಕ್ಕದ ಮೇಲೆ ಮಾತ್ರ ಶುಲ್ಕ ಹಾಕಬೇಕು ಎಂದು 2013ರ ನವೆಂಬರಿನಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ಮೂರು ತಿಂಗಳಲ್ಲಿ ನಾಲ್ಕೇ ಸಂದೇಶ ಬಂದಿದ್ದರೆ ಲೆಕ್ಕ ಕೇಳಿ.

5. ಎಟಿಎಂ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಉಳಿತಾಯ ಖಾತೆದಾರರಿಗೆ ತಿಂಗಳಿಗೆ ಮೂರು ವ್ಯವಹಾರ ಉಚಿತ. ಆದರೆ ಈ ಮೂರರ ಮಿತಿ ಮುಂಬಯಿ, ದೆಹಲಿ, ಚೆನ್ನೈ, ಕೋಲ್ಕತ್ತ, ಬೆಂಗಳೂರು, ಹೈದರಾಬಾದ್ ಈ ಆರು ಮಹಾನಗರಗಳಿಗೆ ಮಾತ್ರ. ಉಳಿದ ಕಡೆ ಐದು. ಪುಣೆಯ ಕೇಳುಗರೇ, ನಿಮ್ಮ ಊರು ಎಷ್ಟೇ ದೊಡ್ಡದಿರಲಿ, ಈ ಪಟ್ಟಿಯಲ್ಲಿಲ್ಲ. ನಿಮಗೆ ಐದು! ಮಿತಿ ದಾಟಿದರೆ 2025ರ ಮೇ 1ರಿಂದ ಒಂದು ವ್ಯವಹಾರಕ್ಕೆ ಹೆಚ್ಚೆಂದರೆ 23 ರೂಪಾಯಿ, ಮೇಲೆ ತೆರಿಗೆ. ಯಂತ್ರ ಕೆಟ್ಟು ಅಥವಾ ಅದರಲ್ಲಿ ನೋಟಿಲ್ಲದೆ ವಿಫಲವಾದ ವ್ಯವಹಾರವನ್ನು ಈ ಎಣಿಕೆಗೆ ಸೇರಿಸುವಂತಿಲ್ಲ.

ಇನ್ನು ಖಾತೆಯಿಂದ ದುಡ್ಡು ಕಳೆದು, ಯಂತ್ರದಿಂದ ನೋಟು ಬರದಿದ್ದರೆ? ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ತಾನಾಗಿಯೇ ದುಡ್ಡು ವಾಪಸು ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದನ್ನೂ ನೀವು ಕೇಳದೆಯೇ ಕೊಡಬೇಕು. ಇದು 2019ರ ನಿಯಮ. ಒಂದನೇ ತಾರೀಕು ಹೋದ ದುಡ್ಡು 16ಕ್ಕೆ ಬಂತು ಎನ್ನಿ. ಗಡುವು 6ಕ್ಕೆ ಮುಗಿದಿತ್ತು. ಹತ್ತು ದಿನ ತಡ, ಅಂದರೆ 1,000 ರೂಪಾಯಿ ನಿಮಗೆ ಸೇರಬೇಕು. ಅಸಲು ಬಂತಲ್ಲ ಎಂದು ನಾವು ಸಮಾಧಾನ ಪಟ್ಟುಕೊಂಡು ಇದನ್ನು ಮರೆತೇಬಿಡುತ್ತೇವೆ. ಯುಪಿಐನಲ್ಲಿ ಒಬ್ಬರಿಗೆ ಕಳುಹಿಸಿದ ದುಡ್ಡು ಅವರಿಗೆ ತಲುಪದಿದ್ದರೆ ಮರುದಿನದೊಳಗೆ ವಾಪಸಾಗಬೇಕು, ಅಲ್ಲಿಂದ ಮುಂದೆ ಇದೇ ದಿನಕ್ಕೆ 100ರ ಲೆಕ್ಕ.

6. ಕೇಳದ ವಿಮೆ, ಕೇಳದ ಕಾರ್ಡು. ಖಾತೆಯಿಂದ 436 ರೂಪಾಯಿ ಅಥವಾ 20 ರೂಪಾಯಿ ಹೋಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಅಥವಾ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು ಇರಬಹುದು. ಒಳ್ಳೆಯ ಯೋಜನೆಗಳೇ. ಆದರೆ ಒಪ್ಪಿಗೆ ನಿಮ್ಮದಿರಬೇಕು. 'ನಾನು ಸಹಿ ಹಾಕಿದ ಒಪ್ಪಿಗೆ ಪತ್ರದ ನಕಲು ಕೊಡಿ' ಎಂದು ಕೇಳಿ. ನಕಲು ಇಲ್ಲದಿದ್ದರೆ ದುಡ್ಡು ಇಟ್ಟುಕೊಳ್ಳಲು ಅವರ ಹತ್ತಿರ ಕಾರಣವೂ ಇರುವುದಿಲ್ಲ. ನೀವು ಕೇಳದೆಯೇ ಕ್ರೆಡಿಟ್ ಕಾರ್ಡು ಕೊಟ್ಟು, ಒಪ್ಪಿಗೆ ಇಲ್ಲದೆ ಚಾಲೂ ಮಾಡಿ ಬಿಲ್ಲು ಕಳುಹಿಸಿದರೆ ಆ ಮೊತ್ತ ರದ್ದು ಮಾಡುವುದರ ಜೊತೆಗೆ ಅದರ ಎರಡರಷ್ಟನ್ನು ನಿಮಗೆ ದಂಡವಾಗಿ ಕೊಡಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2022ರ ನಿಯಮ.

ಕೇಳುವ ಕ್ರಮ

ಮೊದಲ ಹೆಜ್ಜೆ, ದಾಖಲೆ. ಸ್ಟೇಟ್‌ಮೆಂಟ್ ತೆಗೆದುಕೊಂಡು ಸಂಶಯ ಬಂದ ಪ್ರತಿ ಸಾಲಿನ ಕೆಳಗೂ ಗೆರೆ ಎಳೆಯಿರಿ. ತಾರೀಕು, ಮೊತ್ತ, ಎದುರಿಗೆ ಬರೆದಿರುವ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತೆರಿಗೆಯನ್ನೂ ಸೇರಿಸಿ. ಶುಲ್ಕ ತಪ್ಪಾದರೆ ಅದರ ಮೇಲಿನ ಜಿಎಸ್‌ಟಿಯೂ ವಾಪಸು ಬರಬೇಕು.

ಎರಡನೇ ಹೆಜ್ಜೆ, ಬರಹದಲ್ಲಿ ದೂರು. ಮ್ಯಾನೇಜರ್ ಹತ್ತಿರ ಬಾಯಿಮಾತಿನಲ್ಲಿ ಹೇಳಿ ಬಂದರೆ ಅದಕ್ಕೆ ಸಾಕ್ಷಿ ಇರುವುದಿಲ್ಲ. ಪತ್ರ ಕೊಟ್ಟು ನಿಮ್ಮ ನಕಲಿನ ಮೇಲೆ ತಾರೀಕು, ಸೀಲು ಹಾಕಿಸಿಕೊಳ್ಳಿ. ಆನ್‌ಲೈನಿನಲ್ಲಿ ದೂರು ಕೊಟ್ಟರೆ ಅದರ ನಂಬರು ಬರೆದಿಟ್ಟುಕೊಳ್ಳಿ. ಮುಂಬಯಿ, ಚೆನ್ನೈನ ಶಾಖೆಗಳಿಗೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಯಬೇಕಾಗುತ್ತದೆ. ವಿಷಯ ಇಷ್ಟೇ ಇದ್ದರೆ ಸಾಕು:

'ಮಾನ್ಯರೇ, ನನ್ನ ಉಳಿತಾಯ ಖಾತೆಯಿಂದ ಈ ಕೆಳಗಿನ ದಿನಗಳಂದು ಇಷ್ಟಿಷ್ಟು ರೂಪಾಯಿ ಮಿನಿಮಮ್ ಬ್ಯಾಲೆನ್ಸ್ ದಂಡವೆಂದು ಕಳೆಯಲಾಗಿದೆ. ರಿಸರ್ವ್ ಬ್ಯಾಂಕಿನ 20 ನವೆಂಬರ್ 2014ರ ನಿಯಮದಂತೆ ಒಂದು ತಿಂಗಳ ಮುಂಚೆ ನನಗೆ ನೋಟಿಸ್ ಕೊಡಬೇಕಿತ್ತು. ನೋಟಿಸ್ ಕಳುಹಿಸಿದ ದಿನ ಮತ್ತು ವಿಧಾನವನ್ನು ತಿಳಿಸಿ. ಕಳುಹಿಸಿಲ್ಲವಾದರೆ ಒಟ್ಟು ಮೊತ್ತವನ್ನು ಜಿಎಸ್‌ಟಿ ಸಮೇತ ನನ್ನ ಖಾತೆಗೆ ಮರಳಿಸಿ. ಸ್ಟೇಟ್‌ಮೆಂಟಿನ ನಕಲು ಇದರೊಂದಿಗಿದೆ.'

ಬೈಗುಳ ಬೇಡ, ಸುದೀರ್ಘ ಕತೆಯೂ ಬೇಡ. ಕೌಂಟರಿನಲ್ಲಿ ಕೂತ ಹುಡುಗಿ ನಿಯಮ ಮಾಡಿದವಳಲ್ಲ, ದಂಡ ಕತ್ತರಿಸಿದ್ದು ಕಂಪ್ಯೂಟರು. ನಿಮ್ಮ ಪತ್ರ ಓದುವವರಿಗೆ ದುಡ್ಡು ವಾಪಸು ಮಾಡಲು ಒಂದು ಕಾರಣ ಕೈಗೆ ಸಿಗಬೇಕು.

ಮೂರನೇ ಹೆಜ್ಜೆ, 30 ದಿನ ಕಾಯುವುದು. ಶಾಖೆ ಕಿವಿಗೊಡದಿದ್ದರೆ ಬ್ಯಾಂಕಿನ ನೋಡಲ್ ಅಧಿಕಾರಿಗೆ ಬರೆಯಿರಿ. ಅವರ ವಿಳಾಸ ವೆಬ್‌ಸೈಟಿನಲ್ಲಿರುತ್ತದೆ. ದೊಡ್ಡ ಬ್ಯಾಂಕುಗಳಲ್ಲಿ ಇಂಟರ್ನಲ್ ಓಂಬುಡ್ಸ್‌ಮನ್ ಎಂಬ ಹುದ್ದೆ ಇದೆ. ನಿಮ್ಮ ದೂರನ್ನು ಪೂರ್ತಿಯಾಗಿಯೋ ಅರ್ಧಂಬರ್ಧವೋ ತಿರಸ್ಕರಿಸುವ ಮುಂಚೆ ಬ್ಯಾಂಕು ಅದನ್ನು ಅವರ ಮುಂದಿಡಬೇಕು.

ನಾಲ್ಕನೇ ಹೆಜ್ಜೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ಇಲ್ಲಿಗೆ ಹೋಗಬಹುದು. 1995ರಲ್ಲಿ ಬ್ಯಾಂಕುಗಳಿಗೆಂದು ಶುರುವಾದ ಈ ವ್ಯವಸ್ಥೆಯನ್ನು 2021ರ ನವೆಂಬರ್ 12ರಂದು ಹಣಕಾಸು ಕಂಪನಿ ಮತ್ತು ಡಿಜಿಟಲ್ ವ್ಯವಹಾರಗಳ ಓಂಬುಡ್ಸ್‌ಮನ್ ಜೊತೆ ಸೇರಿಸಿ ದೇಶಕ್ಕೆಲ್ಲ ಒಂದೇ ಮಾಡಿದರು. ಶುಲ್ಕ ಇಲ್ಲ, ವಕೀಲರು ಬೇಡ. ಖಾತೆ ಯಾವ ಊರಿನದ್ದು, ನೀವಿರುವುದು ಯಾವ ಊರು ಎಂಬ ಪ್ರಶ್ನೆಯೂ ಇಲ್ಲ. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಇಲ್ಲಿಗೆ ಹೋದರೆ ಮಾತ್ರ ದೂರು ವಾಪಸು ಬರುತ್ತದೆ. ಸೀಲು ಹಾಕಿಸಿದ ಆ ನಕಲು ಬೇಕಾಗುವುದು ಇಲ್ಲಿಯೇ. ಇಲ್ಲಿನ ಗಡುವುಗಳನ್ನು ಕಾಲಕಾಲಕ್ಕೆ ಬದಲಿಸುತ್ತಾರೆ. ಆದ್ದರಿಂದ ಬ್ಯಾಂಕಿನ ಉತ್ತರ ಬಂದ ಮೇಲೆ ಎರಡು ತಿಂಗಳಿಗಿಂತ ಹೆಚ್ಚು ಕಾಯಬೇಡಿ.

ಈಗ ಖುಷಿಯ ಸಂಗತಿ. ಓಂಬುಡ್ಸ್‌ಮನ್‌ಗೆ ಅಂಚೆ ಅಥವಾ ಇಮೇಲ್ ಮೂಲಕ ಕಳುಹಿಸುವ ದೂರು ಯಾವ ಭಾಷೆಯಲ್ಲಾದರೂ ಇರಬಹುದು. ಅಂದರೆ ದೆಹಲಿಯಲ್ಲಿ ಕೂತು ಕನ್ನಡದಲ್ಲೇ ಬರೆಯಬಹುದು! ಮಗನ ಮನೆಗೆ ಬಂದಿರುವ ಅಪ್ಪ ಅಮ್ಮಂದಿರು ತಮ್ಮ ಪಿಂಚಣಿ ಖಾತೆಯ ದೂರನ್ನು ತಾವೇ ಬರೆಯಬಹುದು. ವಿಳಾಸ ಬರೆದುಕೊಳ್ಳಿ: ಸೆಂಟ್ರಲೈಸ್ಡ್ ರಿಸೀಪ್ಟ್ ಅಂಡ್ ಪ್ರಾಸೆಸಿಂಗ್ ಸೆಂಟರ್, ರಿಸರ್ವ್ ಬ್ಯಾಂಕ್ ಆಫ್ ಇಂಡಿಯಾ, 4ನೇ ಮಹಡಿ, ಸೆಕ್ಟರ್ 17, ಚಂಡೀಗಢ 160017. ಆನ್‌ಲೈನಿನಲ್ಲಾದರೆ ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್. ಸಂಶಯವಿದ್ದರೆ 14448ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೂ ಉತ್ತರ ಸಿಗುತ್ತದೆ.

ಮುಂಬಯಿ, ಪುಣೆಯ ಕೇಳುಗರಿಗೆ ಇನ್ನೊಂದು ಮಾತು. ದೊಡ್ಡ ಪಟ್ಟಣ ಸಹಕಾರಿ ಬ್ಯಾಂಕುಗಳೂ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುತ್ತವೆ. ಆದರೆ ಸಹಕಾರಿ ಪತ್ತಿನ ಸೊಸೈಟಿಗಳು ಬ್ಯಾಂಕುಗಳಲ್ಲ, ಅವು ಬರುವುದಿಲ್ಲ.

ಇಷ್ಟಾದರೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ತಪ್ಪು ನಡೆದು ಎರಡು ವರ್ಷದೊಳಗೆ ಹೋಗಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಗ್ರಾಹಕ ಸಹಾಯವಾಣಿ 1915.

ಇನ್ನು ಮುಂದೆ ಜಾರದಂತೆ

ಕೆಲಸ ಬದಲಿಸಿದರೆ ಹಳೇ ಸಂಬಳದ ಖಾತೆಯನ್ನು ಆ ತಿಂಗಳೇ ಮುಚ್ಚಿ. ಊರು ಬಿಟ್ಟು ಬಂದು ಸಿಮ್ ಬದಲಿಸಿದರೆ ಮೊದಲು ಬ್ಯಾಂಕಿನಲ್ಲಿ ನಂಬರು ಬದಲಿಸಿ. ಹಳೇ ನಂಬರಿಗೆ ನೋಟಿಸ್ ಹೋಗಿದ್ದರೆ 'ನಾವು ಕಳುಹಿಸಿದ್ದೆವು' ಎಂದು ಬ್ಯಾಂಕು ಹೇಳುತ್ತದೆ, ಆಗ ನಿಮ್ಮ ವಾದ ಸಡಿಲವಾಗುತ್ತದೆ. ಕಡಿಮೆ ದುಡ್ಡು ಇಡುವವರು ಬೇಸಿಕ್ ಸೇವಿಂಗ್ಸ್ ಖಾತೆ ಕೇಳಿ. ಅದಕ್ಕೆ ಮಿನಿಮಮ್ ಬ್ಯಾಲೆನ್ಸೇ ಇಲ್ಲ, ಪ್ರತಿ ಬ್ಯಾಂಕೂ ಅದನ್ನು ಕೊಡಬೇಕು. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರಿಗೆ, ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ನಮ್ಮವರಿಗೆ ಈ ಮಾತು ದಯವಿಟ್ಟು ಮುಟ್ಟಿಸಿ. ನಮಗೆ 425 ರೂಪಾಯಿ ಒಂದು ಸಿನಿಮಾ ಟಿಕೆಟ್ಟಿನ ಲೆಕ್ಕ. ಅವರಿಗೆ ಅದು ಊರಿಗೆ ಕಳುಹಿಸುವ ದುಡ್ಡು.

ಈ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅರ್ಧ ಗಂಟೆ ಕೂತು ಕಳೆದ ಒಂದು ವರ್ಷದ ಸ್ಟೇಟ್‌ಮೆಂಟ್ ಓದಿ ನೋಡಿ. ಬಾಯಿ ಇದ್ದವರು ಬರಗಾಲದಲ್ಲೂ ಬದುಕಿದರಂತೆ. ನಿಮಗೆ ಎಷ್ಟು ವಾಪಸು ಬಂತು ಎಂದು ನಮಗೊಂದು ಸಾಲು ಬರೆಯಲು ಮರೆಯಬೇಡಿ.

ಮತ್ತೆ ಸಿಗೋಣ, ಕೇಳ್ತಾ ಇರಿ!